ದೋಷವಿಲ್ಲದ ಉಮೇದುವಾರ

ಎಲ್ಲ ಶುರುವಾದದ್ದು ಒಂದು ಸಣ್ಣ ಪ್ರಶ್ನೆಯಿಂದ. ಮತದಾನದ ದಿನ ಬೆಳಗ್ಗೆ ಏಳು ಗಂಟೆಗೆ ಗಡ್ಡದಜ್ಜ ಪಶುಪಾಲಕರ ಸಂಘದ ಕಿಟಕಿಯೊಳಗೆ ಮೊದಲು ತಲೆಯನ್ನೂ ಅದರ ಹಿಂದೆ ಒಂದು ಮಾರುದ್ದದ ಗಡ್ಡವನ್ನೂ ತೂರಿಸಿ, "ಗುಮಾಸ್ತರೇ, ಯಾರಿಗೆ ಹಾಕ್ಲಿ?" ಎಂದು ಕೇಳಿದ.

ಬೇರೆ ಯಾವ ಗುಮಾಸ್ತನಾಗಿದ್ದರೂ ಒಂದು ಹೆಸರು ಹೇಳಿ ಕಿಟಕಿ ಮುಚ್ಚುತ್ತಿದ್ದ. ನಮ್ಮ ಗುಮಾಸ್ತ ಅಂಥವನಲ್ಲ. ಊರು ಅವನನ್ನು ಕರೆಯುತ್ತಿದ್ದದ್ದೇ 'ಪುರಾವೆ' ಎಂದು. ಮಳೆ ಬರುತ್ತಿದೆ ಎಂದು ಹೆಂಡತಿ ಹೇಳಿದರೆ ಅಂಗಳಕ್ಕಿಳಿದು, ತೊಪ್ಪೆಯಾಗಿ ತೋಯ್ದು ಬಂದು, ಆಮೇಲೆ ಹೂಂ ಎನ್ನುವವನು. ಮದುವೆಯ ದಿನ ಹುಡುಗಿ ಇವಳೇ ಎನ್ನುವುದಕ್ಕೆ ಇಬ್ಬರು ಸಾಕ್ಷಿಗಳಿಂದ ರುಜು ಹಾಕಿಸಿಕೊಂಡಿದ್ದನಂತೆ. ನಾನು ಕಣ್ಣಾರೆ ಕಂಡಿಲ್ಲ, ಆದರೆ ನನ್ನಂಥವನ ಬಾಯಿಂದ ಬಂದ ಮೇಲೆ ಅದು ನಡೆದೇ ಇರಬೇಕು.

"ಯಾರಿಗೆ ಅಂತ ನಾನು ಹೇಳೋದು ತಪ್ಪಾಗುತ್ತೆ ಅಜ್ಜ," ಎಂದ ಪುರಾವೆ. "ಯಾರು ಏನೇನು ಮಾಡಿದಾರೆ ಅಂತ ಬರೆದು ಗೋಡೆಗೆ ಅಂಟಿಸ್ತೀನಿ. ಓದ್ಕೊಂಡು ನೀವೇ ತೀರ್ಮಾನ ಮಾಡಿ."

"ಒಂದು ಹೆಸರಿಗೆ ಇಷ್ಟು ಸುತ್ತು ಬಳಸಬೇಕಾ," ಎಂದು ಅಜ್ಜ ಗಡ್ಡವನ್ನು ಹಂತಹಂತವಾಗಿ ಹೊರಗೆಳೆದುಕೊಂಡ.

ಆದರೆ ವಿಷಯ ಸಣ್ಣದಲ್ಲ. ಊರಾಚೆ ಹಳ್ಳದ ಬದಿಯಲ್ಲಿ ಒಂದು ಹುಲ್ಲುಗಾವಲಿತ್ತು. ಅಲ್ಲಿಯ ಹುಲ್ಲು ಎಷ್ಟು ಎತ್ತರವೆಂದರೆ, ಒಳಗೆ ಹೊಕ್ಕ ಎಮ್ಮೆ ಅಲ್ಲೇ ಕರು ಹಾಕಿ, ಆ ಕರುವೂ ಕರು ಹಾಕಿ, ಮೂರು ತಲೆಮಾರು ಒಟ್ಟಿಗೆ ಹೊರಗೆ ಬರುತ್ತಿದ್ದವು. ಊರಿನ ಎಂಟುನೂರು ದನಗಳಿಗೆ ಬೇರೆ ಮೇವಿಲ್ಲ. ಆ ಹುಲ್ಲಿನಡಿ ಒಳ್ಳೆಯ ಕಲ್ಲಿದೆ ಎಂದು ತಿಳಿದ ದಿನದಿಂದ ಗುತ್ತಿಗೆದಾರನಿಗೆ ನಿದ್ದೆಯಿಲ್ಲ. ಐದು ವರ್ಷದಿಂದ ಜಿಲ್ಲಾ ಸಭೆಯಲ್ಲಿ ಊರಿನ ಸದಸ್ಯ ಅವನೇ. ಗಾವಲನ್ನು ಕಲ್ಲುಕ್ವಾರಿಗೆ ಕೊಡಬೇಕೆಂದು ಎರಡು ಸಲ ಕೈ ಎತ್ತಿದ್ದ, ಎರಡು ಸಲವೂ ಒಂದೇ ಒಂದು ಮತ ಕಡಿಮೆ ಬಿದ್ದಿತ್ತು. ಈ ಸಲ ಸಭೆಯಲ್ಲಿ ಹೊಸ ಗೆಳೆಯರು ಸಿಕ್ಕಿದ್ದರು. ಅವನು ಗೆದ್ದರೆ ಗಾವಲು ಹೋದಂತೆಯೇ. ಹುಲ್ಲು ಹೋದರೆ ದನ, ದನ ಹೋದರೆ ಸಂಘ, ಸಂಘ ಹೋದರೆ ಪುರಾವೆಯ ಕುರ್ಚಿ. ಎದುರು ನಿಂತವರು ನಿವೃತ್ತ ಮೇಷ್ಟ್ರು. ಗಾವಲಿನ ಒಂದು ಕಡ್ಡಿಯನ್ನೂ ಬಿಟ್ಟುಕೊಡುವುದಿಲ್ಲವೆಂದು ಬರೆದು ಸಹಿ ಹಾಕಿದವರು.

ಸಂಘದಲ್ಲಿ ಅಚ್ಚಾಗಿ ಬಂದ ಕಾಗದ ಒಂದೇ ಒಂದು ಬಗೆಯದು: ದನದ ತಪಾಸಣಾ ಪತ್ರ. ಸಂತೆಗೆ ದನ ಕೊಳ್ಳಲು ಹೋಗುವ ಸದಸ್ಯರು ಅದನ್ನು ಒಯ್ದು ತುಂಬಿಸಿ ತರುತ್ತಿದ್ದರು, ಪುರಾವೆ ಮುದ್ರೆ ಒತ್ತುತ್ತಿದ್ದ. ಅವನು ಜನ್ಮದಲ್ಲಿ ಸಂತೆಗೆ ಕಾಲಿಟ್ಟವನಲ್ಲ. ದೂಳು ಎಂದರೆ ಮೂರು ದಿನ ಸೀನುವವನು. ಆದರೂ ಜನ ಓದಿ ಪಳಗಿದ ಕಾಗದ ಇದೇ ತಾನೆ ಎಂದು ಯೋಚಿಸಿ ಎರಡು ಪತ್ರ ತೆಗೆದ, ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ತುಂಬಿಸಿದ.

ಗುತ್ತಿಗೆದಾರನ ಪತ್ರದಲ್ಲಿ ಹೀಗಿತ್ತು. ದುಡಿಮೆ: ಐದು ವರ್ಷದಲ್ಲಿ ಅರವತ್ತು ಸಭೆ, ಹಾಜರಾದದ್ದು ಹನ್ನೊಂದು. ಮೇವು: ತನ್ನ ಪಾಲಿನದಲ್ಲದೆ ಪಕ್ಕದ ಗೋದಲಿಗೂ ಬಾಯಿ ಹಾಕುತ್ತದೆ, ನೀರಿನ ತೊಟ್ಟಿಗೆಂದು ಬಂದ ಸಿಮೆಂಟು ಅವರ ಮಹಡಿಯಲ್ಲಿದೆ. ಒದೆಯುವ ಚಾಳಿ: ಇದೆ, ಗಾವಲಿನ ವಿರುದ್ಧ ಎರಡು ಸಲ, ನಡಾವಳಿ ಪುಸ್ತಕ ಪುಟ ನಲವತ್ತೊಂದು ಮತ್ತು ತೊಂಬತ್ತು. ಹೀಗೆ ಒಟ್ಟು ಆರು ದೋಷ, ಆರಕ್ಕೂ ಪುರಾವೆ. ಮೇಷ್ಟ್ರ ಪತ್ರದಲ್ಲಿ, ಎಷ್ಟು ಹುಡುಕಿದರೂ ಏನೂ ಸಿಗದೆ, ಒಂದೇ ಸಾಲು: ದೋಷ ಕಂಡುಬಂದಿಲ್ಲ.

ಅಂಟು ಆರುವ ಮೊದಲೇ ಗೋಡೆಯ ಮುಂದೆ ಜನ ಸೇರಿದರು. ಸಕ್ಕರೆಗೆ ಇರುವೆ ಸೇರುವುದೂ ಅಷ್ಟು ಬೇಗವಲ್ಲ. ಎಲ್ಲರಿಗಿಂತ ಮುಂದೆ ಪುರಾವೆಯ ಅತ್ತೆ, ಮೂರು ಹಸುಗಳ ಒಡತಿ. ಸಂತೆಯಲ್ಲಿ ಅವಳು ಚೌಕಾಸಿಗೆ ನಿಂತರೆ ಮಾರುವವನು ದನದ ಜೊತೆ ತನ್ನ ಚಪ್ಪಲಿಯನ್ನೂ ಬಿಟ್ಟು ಓಡುತ್ತಿದ್ದ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಎರಡನೇ ಪತ್ರಕ್ಕೆ ಬಂದಾಗ ಬೆರಳು ನಿಂತಿತು. ಅಳಿಯನ ಮುಖ ನೋಡಿ ತಲೆದೂಗಿದಳು.

"ಬಹಳ ಚೆನ್ನಾಗಿ ಬರ್ದಿದೀರಿ ಅಳಿಯಂದ್ರೇ. ನೀವು ಇಷ್ಟು ಜಾಣರು ಅಂತ ಇಪ್ಪತ್ತು ವರ್ಷದಿಂದ ನನಗೆ ಗೊತ್ತೇ ಆಗ್ಲಿಲ್ಲ ನೋಡಿ."

ಅತ್ತೆಯ ಬಾಯಿಂದ ಹೊಗಳಿಕೆ! ಪುರಾವೆಗೆ ಕಾಲು ನೆಲಕ್ಕೆ ತಾಕಲಿಲ್ಲ.

ಅಷ್ಟರಲ್ಲಿ ಸಂಘದ ಅಧ್ಯಕ್ಷ ಬಂದ. ಅವನ ಹೊಟ್ಟೆ ಒಳಗೆ ಬಂದು ಕಾಲು ಗಂಟೆಯಾದ ಮೇಲೆ ಅವನು ಬರುತ್ತಿದ್ದ. "ಏನ್ರೀ ಇದು? ಒಬ್ಬರ ಮೇಲೆ ಆರು, ಇನ್ನೊಬ್ಬರ ಮೇಲೆ ಒಂದೂ ಇಲ್ಲ. ಸಂಘ ಯಾರ ಕಡೆ ಅಂತ ಕುರುಡನಿಗೂ ಕಾಣುತ್ತೆ. ಇಬ್ಬರಿಗೂ ಮೂರು ಮೂರು ಹಂಚಿ."

"ದೋಷ ಏನು ಮಿಠಾಯಿನಾ ಸಾರ್, ಹಂಚೋಕೆ? ಮೇಷ್ಟ್ರದ್ದು ಸಿಕ್ಕಿಲ್ಲ."

"ಸಿಗದಿದ್ರೆ ಹುಟ್ಟಿಸಿ. ಸಂಜೆ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಕುರ್ಚಿ ಖಾಲಿ ಮಾಡೋಕೆ ರೆಡಿಯಾಗಿರಿ."

"ಸುಳ್ಳು ಬರೆಯೋ ಕೈ ನಂದಲ್ಲ ಸಾರ್," ಎಂದ ಪುರಾವೆ. ಕುರ್ಚಿಯ ಮೇಲೆ ಕೂತೇ ಅಂದನೆನ್ನುವುದು ಬೇರೆ ಮಾತು.

ಹತ್ತು ಗಂಟೆಗೆ ಗುತ್ತಿಗೆದಾರನ ಜೀಪು ಬಂತು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಇವತ್ತು ಗುಮಾಸ್ತನ ಹಲ್ಲು ಎಣಿಸಲು ಸಿಗುವುದಿಲ್ಲ, ಹೆಕ್ಕಲು ಸಿಗುತ್ತವೆ ಎಂದುಕೊಂಡರು. ಗುತ್ತಿಗೆದಾರ ಕನ್ನಡಕ ಏರಿಸಿ ತನ್ನ ಪತ್ರ ಓದಿದ, ಮೇಷ್ಟ್ರ ಪತ್ರ ಓದಿದ, ಮತ್ತೆ ತನ್ನದನ್ನು ಓದಿದ. ದನದ ವ್ಯಾಪಾರಿಯ ಮಗ ಅವನು. ತೊಟ್ಟಿಲಿನಲ್ಲೇ ಎತ್ತಿನ ಹಲ್ಲು ಹಿಡಿದು ನೋಡಿದವನು. ಮೆಲ್ಲಗೆ ಅವನ ಮುಖ ಅರಳಿತು.

"ಆರೇನಾ ಗುಮಾಸ್ತರೇ? ಇನ್ನೂ ಎರಡು ಮೂರು ಇರ್ಬೇಕಲ್ಲ."

"ಪುರಾವೆ ಕೊಟ್ರೆ ಬರೀತೀನಿ," ಎಂದ ಪುರಾವೆ.

"ಹೋದ ವರ್ಷ ಊರಿಗೆ ಅಂತ ಬಂದ ಬೀಜದ ಹೋರಿಗಳನ್ನ ನನ್ನ ಬಾಮೈದನ ತೋಟಕ್ಕೆ ಸಾಗಿಸಿದ್ನಲ್ಲ, ರಸೀದಿ ಜೀಪಲ್ಲೇ ಇದೆ. ಬರ್ಕೊಳ್ಳಿ."

ಪುರಾವೆ ರಸೀದಿ ನೋಡಿ ಏಳನೆಯ ದೋಷ ಬರೆದ. ಗುತ್ತಿಗೆದಾರ ಎರಡೂ ಪತ್ರಗಳನ್ನು ಜೋಪಾನವಾಗಿ ಬಿಡಿಸಿಕೊಂಡು ಹೋಗಿ, ಸ್ವಂತ ಖರ್ಚಿನಲ್ಲಿ ಐನೂರು ಪ್ರತಿ ಜೆರಾಕ್ಸ್ ಮಾಡಿಸಿ ಮನೆಮನೆಗೆ ಹಂಚಿಸಿದ. ತನ್ನ ಕಳ್ಳತನದ ಪಟ್ಟಿಯನ್ನು ತಾನೇ ಹಂಚುವ ಕಳ್ಳನನ್ನು ಭೂಮಿಯ ಮೇಲೆ ಯಾರೂ ಕಂಡಿರಲಿಲ್ಲ. ಸೋಲಿನ ಭಯಕ್ಕೆ ತಲೆ ಕೆಟ್ಟಿದೆ ಎಂದು ಪುರಾವೆ ಒಳಗೊಳಗೇ ಮರುಗಿದ.

ಹನ್ನೊಂದಕ್ಕೆ ಮೇಷ್ಟ್ರು ಓಡಿಬಂದರು. ಮುಖ ಬಿಳಿಚಿಕೊಂಡಿತ್ತು, ಕೈಯಲ್ಲಿ ಅದೇ ಜೆರಾಕ್ಸ್.

"ಗುಮಾಸ್ತರೇ, ದಮ್ಮಯ್ಯ, ನನ್ನ ಮೇಲೂ ಏನಾದ್ರೂ ಬರೀರಿ."

ಇಂಥ ವಿನಯವನ್ನು ಪುರಾವೆ ಪುಸ್ತಕದಲ್ಲೂ ಓದಿರಲಿಲ್ಲ. "ನಿಮ್ಮ ದೊಡ್ಡ ಗುಣ ಸಾರ್. ಆದ್ರೆ ಇಲ್ಲದ್ದನ್ನ ಹೇಗೆ ಬರೀಲಿ?"

"ಇದೆ, ಇದೆ. ಒಂದ್ಸಲ ಲೆಕ್ಕ ತಪ್ಪಿದ ಅಂತ ಒಬ್ಬ ಹುಡುಗನಿಗೆ ಹೊಡೆದಿದ್ದೆ."

"ಪುರಾವೆ?"

"ಈಗ ಎಲ್ಲಿಂದ ತರ್ಲಿ? ಅವನು ಮೊಮ್ಮಕ್ಕಳನ್ನ ಕಂಡು ತೀರಿಹೋದ."

"ಹಾಗಾದ್ರೆ ಆಗಲ್ಲ ಸಾರ್."

"ಪಕ್ಕದ ಮನೆಯವರ ಬೇಲಿ ಒಂದು ಗೇಣು ಒತ್ತಿದೀನಿ."

ಪುರಾವೆ ಅಳತೆಪಟ್ಟಿ ಹಿಡಿದು ಅವರ ಜೊತೆ ಹೊರಟೇ ಬಿಟ್ಟ. ಬಿಸಿಲಿನಲ್ಲಿ ಬೇಲಿ ಅಳೆದರು. ಮೇಷ್ಟ್ರೇ ಒಂದು ಗೇಣು ಬಿಟ್ಟುಕೊಟ್ಟಿದ್ದರು. ಅವರು ಬೇಲಿಗೂಟ ಹಿಡಿದು ಕೂತುಬಿಟ್ಟರು. "ಒಂದೇ ಒಂದು ಸಲ ನೀವು ಸಂತೆಗೆ ಹೋಗಿದ್ರೆ…" ಎಂದು ಏನೋ ಹೇಳಹೊರಟರು. ಅಷ್ಟರಲ್ಲಿ ಮತದಾನದ ಗಂಟೆ ಹೊಡೆಯಿತು. ಮೊದಲ ಮತ ತನ್ನದಾಗಬೇಕೆಂದು ಪುರಾವೆ ಮಾತು ಅರ್ಧಕ್ಕೇ ಬಿಟ್ಟು ಓಡಿದ.

ಹನ್ನೆರಡರಿಂದ ನಾಲ್ಕರವರೆಗೆ ಶಾಲೆಯ ಮುಂದೆ ಸಾಲು ಕರಗಲಿಲ್ಲ. ಪ್ರತಿಯೊಬ್ಬನ ಕೈಯಲ್ಲೂ ಪತ್ರ. ಇಷ್ಟು ತಿಳಿದುಕೊಂಡು ಮತ ಹಾಕಿದ ಊರು ಪ್ರಪಂಚದಲ್ಲಿ ಇನ್ನೊಂದಿಲ್ಲ, ಬೇಕಾದರೆ ಪಂಥ ಕಟ್ಟುತ್ತೇನೆ. ಪುಟ ನಲವತ್ತೊಂದರಲ್ಲಿ ಏನಿದೆ ಎಂದು ಎಮ್ಮೆ ಕಾಯುವವನೂ ಬಾಯಿಪಾಠ ಒಪ್ಪಿಸುತ್ತಿದ್ದ. ಒಳಗೆ ಹೋಗುವಾಗ ಪುರಾವೆಯ ಕಡೆ ಒಂದು ಕಣ್ಣು ಮಿಟುಕಿಸುವರು, ಹೊರಬರುವಾಗ ಇನ್ನೊಂದು. ಗಡ್ಡದಜ್ಜನಂತೂ ಅವನ ಬೆನ್ನು ತಟ್ಟಿ, "ಅರ್ಥ ಆಯ್ತು ಕಣಪ್ಪ, ಚೆನ್ನಾಗಿ ಅರ್ಥ ಆಯ್ತು," ಎಂದ. ಪುರಾವೆಯ ಎದೆ ಉಬ್ಬಿ ಅಂಗಿಯ ಎರಡು ಗುಂಡಿ ಹಾರಿ, ಒಂದು ಚುನಾವಣಾಧಿಕಾರಿಯ ಚಹಾದಲ್ಲಿ ಬಿತ್ತು.

ಐದಕ್ಕೆ ಎಣಿಕೆ ಮುಗಿಯಿತು. ಒಟ್ಟು ನಾನೂರ ಹನ್ನೆರಡು ಮತ. ಮೇಷ್ಟ್ರಿಗೆ ಎರಡು. ಅವರದೊಂದು, ಪುರಾವೆಯದೊಂದು. ಮಿಕ್ಕದ್ದೆಲ್ಲ ಗುತ್ತಿಗೆದಾರನಿಗೆ.

ಪುರಾವೆ ಶಾಲೆಯ ಮೆಟ್ಟಿಲಿಳಿದು ಓಡಿದ. ಸುತ್ತ ಕುಣಿಯುತ್ತಿದ್ದವರ ನಡುವೆ ಅತ್ತೆಯನ್ನು ಹುಡುಕಿ ಹಿಡಿದು, "ಅತ್ತೆ, ನೀವೂನಾ?" ಎಂದ.

"ನಾನೂ ಅಂದ್ರೇನು? ನಿಮ್ಮ ಹೆಂಡ್ತಿನೂ ನನ್ನ ಹಿಂದೇನೇ ಹಾಕಿದ್ಲು. ನಿಮ್ಮ ಮಾತು ನಾವು ತೆಗೆದುಹಾಕ್ತೀವಾ?"

"ನನ್ನ ಮಾತಾ? ಅವನ ಮೇಲೆ ಏಳು ದೋಷ ಬರೆದಿದ್ನಲ್ಲ."

"ಮತ್ತೆ? ಯಾವ ದನಕ್ಕೆ ದೋಷ ಹೇಳ್ತಾರೆ ಅಳಿಯಂದ್ರೇ? ಕೊಳ್ಳೋ ದನಕ್ಕೆ. ಕಾಲು ಸೊಟ್ಟ, ಹಾಲು ಕಮ್ಮಿ, ಒದೆಯುತ್ತೆ ಅಂತ ಅಂದೂ ಅಂದೂ ಕೊನೆಗೆ ಅದನ್ನೇ ಹೊಡ್ಕೊಂಡು ಬರ್ತೀವಿ. ಬೇಡದ ದನಕ್ಕೆ 'ಚೆನ್ನಾಗಿದೆ' ಅಂದು ಮುಂದಕ್ಕೆ ಹೋಗ್ತೀವಿ. ನೀವು ಮೇಷ್ಟ್ರಿಗೆ ದೋಷ ಇಲ್ಲ ಅಂತ ಬರೆದ್ರಿ. ಪಾಪ, ಸಾಯೋ ದನಕ್ಕೂ ಯಾರೂ ಹಂಗೆ ಬರೆಯಲ್ಲ."

"ಪುಟದ ಸಂಖ್ಯೆ ಸಮೇತ ಪುರಾವೆ ಕೊಟ್ಟಿದ್ದೆ…"

"ಅದನ್ನ ನೋಡೇ ಎಲ್ಲರಿಗೂ ಗಟ್ಟಿಯಾಗಿದ್ದು. ಇಷ್ಟು ಕಷ್ಟಪಟ್ಟು ದೋಷ ಹುಡುಕೋನು ಆ ದನ ಬಿಡೋನಲ್ಲ ಅಂತ."

ಪುರಾವೆ ಬಾಯಿ ತೆರೆದ. ನೊಣ ಒಳಗೆ ಹೋಗಿ, ಸುತ್ತು ಹಾಕಿ, ಬೇಸರವಾಗಿ ಹೊರಗೆ ಬಂತು.

ಆಗ ಗುತ್ತಿಗೆದಾರ ಬಂದು ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದ. "ಸೋಮವಾರ ಸಭೆ. ಮೊದಲ ವಿಷಯಾನೇ ಗಾವಲು. ಈ ಸಲ ಎರಡು ಮತ ಜಾಸ್ತಿನೇ ಇದೆ. ನಿಮ್ಮ ಸಂಘ ಇನ್ನು ಒಂದು ತಿಂಗಳೂ ಇರಲ್ಲ, ಆದ್ರೆ ನಿಮ್ಮನ್ನ ನಾನು ಮರೆಯಲ್ಲ. ಕ್ವಾರಿ ಗೇಟಿಗೆ ಒಬ್ಬ ನಂಬಿಕಸ್ತ ಬೇಕು. ದೊಡ್ಡ ಕೆಲಸ ಏನಿಲ್ಲ. ಊರಿನ ದನ ಒಳಗೆ ನುಗ್ಗದಂಗೆ ದೊಣ್ಣೆ ಹಿಡ್ಕೊಂಡು ನಿಂತ್ರೆ ಸಾಕು." ಹೆಗಲು ತಟ್ಟಿ ಜೀಪು ಹತ್ತಿದ.

ಪುರಾವೆ ತಿರುಗಿ ನೋಡಿದ. ಕುಣಿತ ನಿಂತಿತ್ತು. ಗಾವಲಿನಿಂದ ದನಗಳು ಹೊಟ್ಟೆ ತುಂಬಿಸಿಕೊಂಡು ಬೀದಿ ತುಂಬ ಬರುತ್ತಿದ್ದವು. ಅತ್ತೆ ತನ್ನ ಮೂರು ಹಸುಗಳ ಹಗ್ಗ ಹಿಡಿದು ಅವನ ಎದುರು ನಿಂತಳು. ಅವಳ ಹಿಂದೆ ಊರೂ ನಿಂತಿತು. ಅವಳ ಮುಖದಲ್ಲಿ ಆ ದಿನ ಮೊದಲ ಸಲ ಒಂದು ಸಣ್ಣ ಅನುಮಾನ ಸುಳಿದಿತ್ತು.

"ಅಳಿಯಂದ್ರೇ, ಅವನು ನಿಮ್ಮ ಹತ್ರ ಏನಂದ? ಗಾವಲು ಉಳಿಯುತ್ತೆ ತಾನೆ?"

ಪುರಾವೆ ಹಸುಗಳನ್ನು ನೋಡಿದ, ಅತ್ತೆಯನ್ನು ನೋಡಿದ. ನಡಾವಳಿ ಪುಸ್ತಕವಿರಲಿಲ್ಲ, ಪುಟವಿರಲಿಲ್ಲ, ರಸೀದಿಯಿರಲಿಲ್ಲ.

"ಉಳಿಯುತ್ತೆ," ಎಂದ.

ಅವನು ಬದುಕಿನಲ್ಲಿ ಹೇಳಿದ ಮೊದಲ ಸುಳ್ಳು ಅದು. ಊರಿಗೆ ಊರೇ ನಂಬಿತು.