ಮುದ್ದೆ ಡಬ್ಬಿಯೊಳಗೆ ಕಟ್ಟಿದ ಗೋಡೆ

ಮೈಕ್ ಸೆಟ್ಟಿನವನಿಗೆ ಒಂದು ದಿನ ನೆಮ್ಮದಿಯಾಗಿ ಕಳೀತು ಅಂದ್ರೆ ಅವತ್ತು ಕರೆಂಟಿರಲಿಲ್ಲ ಅಂತ ಅರ್ಥ. ಕರೆಂಟ್ ಇದ್ದ ದಿನ ಏನಾದ್ರೂ ಒಂದು ಆಗೇ ಆಗ್ತದೆ. ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ, ಆದ್ರೆ ಶೀಳನೆರೆ ಸುತ್ತ ನಾನು ಹತ್ತದ ಸ್ಟೇಜಿಲ್ಲ. ತಿಂದ ಶಾಕಿಗಂತೂ ಲೆಕ್ಕವೇ ಇಲ್ಲ. ನನ್ನ ಕಚ್ಚಿದ ಸೊಳ್ಳೆ ಪಟ್ಟಂತ ಸಿಡಿದು ಬೀಳ್ತದೆ. ನಮ್ಮನೇಲಿ ಸೊಳ್ಳೆ ಬತ್ತಿ ಹಚ್ಚಿದ್ದೇ ಇಲ್ಲ. ಇಂಥ ಗಂಡಸನ್ನ ಹೆದರಿಸಿದ್ದು ಒಂದು ಊಟದ ಡಬ್ಬಿ.

೧. ಸಿಂಧಘಟ್ಟದ ಚಪ್ಪಾಳೆ

ನಮ್ಮ ಸೆಟ್ಟಿಗೆ ಕೀಬೋರ್ಡ್ ನುಡಿಸೋದು ಶ್ರೀರಂಗಪಟ್ಟಣದ ಒಬ್ಬ ಭಾಯಿ. ಮಿಕ್ಕ ದಿನ ಸ್ಕೂಟರ್ ಸೀಟು ಹೊಲೀತಾರೆ. ಅವರ ಬೆರಳಿಲ್ಲದಿದ್ರೆ ನನ್ನ ಸೆಟ್ಟಿಗೆ ಮದುವೆ ಸಿಗಲ್ಲ. ಬರೀ ಹಾಡು ಹಾಕೋಕೆ ಊರಿಗಿಬ್ಬರು ಹುಟ್ಟಿಕೊಂಡವ್ರೆ.

ಸಿಂಧಘಟ್ಟದಲ್ಲಿ ಕೀಬೋರ್ಡಿನ ವೈರು ನೇರ ಮಿಕ್ಸರಿಗೆ ಚುಚ್ಚಿದೆ. ಜೇನು ಎದ್ದಂಗೆ ಗುಂಯ್ ಅಂತು. "ಇದು ಇರ್ತದೆ ಬುಡಿ" ಅಂದೆ. ಭಾಯಿ ಒಂದು ಕೈ ಕೀಬೋರ್ಡಿನ ಪಿನ್ನಿನ ಮೇಲಿಟ್ಟು, ಇನ್ನೊಂದು ಕೈಲಿ ಮೈಕು ಎಳೆದರು ನೋಡಿ, ಪಟ್! ಮನುಷ್ಯ ಹಾರಿ ಕೀಬೋರ್ಡಿನ ಮೇಲೇ ಬಿದ್ದರು. ಇದ್ದಬದ್ದ ಸ್ವರವೆಲ್ಲ ಒಟ್ಟಿಗೆ ಕಿರುಚಿದವು. ಜನ ಇದ್ಯಾವುದೋ ಹೊಸಾ ನಮೂನೆ ಅಂದ್ಕೊಂಡು ಶಿಳ್ಳೆ, ಚಪ್ಪಾಳೆ ಹೊಡೆದು "ಒನ್ಸ್ ಮೋರ್!" ಅಂತ ಕೂಗಿದರು.

ಭಾಯಿ ನನ್ನ ಕಡೆ ತಿರುಗಿ, "ಯಾ ಅಲ್ಲಾ! ಅಣ್ಣಾ, ಇನ್ನೊಂದು ಸಲ ಸಾಯಿ ಅಂತಾವ್ರಲ್ಲಾ!" ಅಂದರು.

೨. ಪಾಂಡವಪುರದ ಪಾಠ

ಭಾಯಿ ಮನೆಗೆ ಹೋಗಿ ಮಲಗಿಬಿಟ್ಟರು. "ಸೀಟು ಹೊಲ್ಕೊಂಡಿರ್ತೀನಿ ಅಣ್ಣಾ. ಸೂಜಿ ಚುಚ್ಚಿದ್ರೆ ಒಂದು ತೊಟ್ಟು ರಕ್ತ, ಅಷ್ಟೇ" ಅಂತ ಹೇಳಿ ಕಳಿಸಿದರು. ನಾನು ಆಗಲೇ ನಾಗಮಂಗಲದ ಮದುವೆಗೆ ವೀಳ್ಯ ತಗೊಂಡಿದ್ದೆ. ವೀಳ್ಯ ಹಿಡಿದ ಮೇಲೆ ಬರಲ್ಲ ಅಂದ ಮೈಕ್‌ಸೆಟ್ಟಿನವನನ್ನ ಮತ್ತೆ ಯಾವ ಊರೂ ಕರೆಯಲ್ಲ.

ಪಾಂಡವಪುರದಲ್ಲಿ ರೇಡಿಯೋ ರಿಪೇರಿ ಮೇಷ್ಟ್ರು ಅಂತ ಒಬ್ಬರವರೆ. ಅವರ ಮುಂದೆ ನನ್ನ ಗೋಳು ತೋಡಿಕೊಂಡೆ. "ಡಿಐ ಬಾಕ್ಸ್ ಅಂತ ಒಂದು ಡಬ್ಬಿ ಮಾಡ್ಕೋ. ಕೀಬೋರ್ಡಿಗೂ ಮಿಕ್ಸರಿಗೂ ನಡುವೆ ಇಡು. ಇದಕ್ಕೆ ಬ್ಯಾಟ್ರಿ ಬೇಡ, ಕರೆಂಟ್ ಬೇಡ" ಅಂತ ಹೇಳಿ, ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಟ್ರಾನ್ಸ್‌ಫಾರ್ಮರ್ ಕೈಗಿಟ್ಟರು. "ಒಳಗೆ ಎರಡು ಸುರುಳಿ ತಂತಿ, ಒಂದನ್ನೊಂದು ಮುಟ್ಟಲ್ಲ. ಹಾಡು ದಾಟ್ತದೆ, ಶಾಕು ದಾಟಲ್ಲ."

"ಮುಟ್ಟದೇ ಹೆಂಗೆ ದಾಟ್ತದೆ ಮೇಷ್ಟ್ರೇ?"

"ಪಕ್ಕದ ಮನೆ ಗಂಡ ಹೆಂಡ್ತಿ ಜಗಳ ಗೋಡೆ ಈಚೆಗೆ ನಿಂಗೆ ಕೇಳಲ್ವೇನ್ಲಾ? ಬೈಗುಳ ಇಲ್ಲಿಗೆ ಬತ್ತದೆ, ಏಟು ಅಲ್ಲೇ ಉಳೀತದೆ. ಅದೇ ಇದು. ಆದ್ರೆ ಮೊದಲು ಅರ್ಥಿಂಗ್ ಸರಿ ಮಾಡಿಸು, ಆಮೇಲೆ ಡಬ್ಬಿ."

ನಲವತ್ತು ವರ್ಷ ಕರೆಂಟಿನ ಜೊತೆ ಬಾಳಿದ ನನಗೆ ಅವತ್ತೇ ಕರೆಂಟು ಅರ್ಥವಾಗಿದ್ದು. ಮೇಷ್ಟ್ರ ಹೆಂಡತಿ ಒಳಗಿಂದ ಕೂಗಿದರು: "ನಮ್ಮನೆ ಗೋಡೇನೂ ಅಷ್ಟು ದಪ್ಪ ಇಲ್ಲ ಕಣ್ರೀ, ಮೆಲ್ಲಗೆ ಪಾಠ ಮಾಡಿ!"

೩. ಕೆ.ಆರ್.ಪೇಟೆಯ ಬಾಗಿಲು

ಡಬ್ಬಿ ಕಬ್ಬಿಣದ್ದಾದರೆ ಆಚೆ ಗದ್ದಲ ಒಳಗೆ ಬರಲ್ಲ ಅಂದಿದ್ದರು ಮೇಷ್ಟ್ರು. ಅಡುಗೆಮನೇಲಿ ನನ್ನ ಹೆಂಡತಿ ಹೊಲಕ್ಕೆ ಮುದ್ದೆ ಒಯ್ಯೋ ಸ್ಟೀಲ್ ಡಬ್ಬಿ ಕಾಣಿಸ್ತು. ಅವಳ ತವರಿನದು. ಎರಡು ತೂತು ಕೊರೆದು ಸಾಕೆಟ್ಟು ಬಿಗಿದೆ. ಕೀಬೋರ್ಡಿಂದ ಬರೋ ವೈರಿಗೊಂದು, ಮಿಕ್ಸರಿಗೆ ಹೋಗೋ ವೈರಿಗೊಂದು. ನಡುವೆ ಟ್ರಾನ್ಸ್‌ಫಾರ್ಮರ್ ಬೆಸುಗೆ ಹಾಕಿದೆ. ಇಸ್ರೋದವರು ನೋಡಿದ್ದರೆ ನನ್ನ ಎತ್ಕೊಂಡು ಹೋಗಿರೋರು.

ಭಾಯಿಯನ್ನ ಕೈಕಾಲು ಹಿಡಿದು ಕೆ.ಆರ್.ಪೇಟೆಯ ಒಂದು ನಾಮಕರಣಕ್ಕೆ ಕರಕೊಂಡು ಹೋದೆ. ಅರ್ಥಿಂಗ್ ಮಾತು ಮರೆತೇ ಹೋಗಿತ್ತು. ಭಾಯಿ ಕಣ್ಣು ಮುಚ್ಚಿ, ಏನೋ ಜಪಿಸಿ, ಒಂದು ಬೆರಳು ಚಾಚಿದರು. ಪಟ್! ತೊಟ್ಟಿಲ ಮಗು ಅಳೋದಕ್ಕೆ ಮೊದಲು ಇವರು ಅತ್ತರು.

ಡಬ್ಬಿ ಎತ್ಕೊಂಡು ಮೇಷ್ಟ್ರ ಹತ್ರ ಓಡಿದೆ. ಮುಚ್ಚಳ ತೆಗೆದು ನೋಡಿ ಹಣೆ ಚಚ್ಚಿಕೊಂಡರು. "ಎರಡು ಸಾಕೆಟ್ಟೂ ಸ್ಟೀಲಿಗೇ ಬಿಗಿದಿದ್ದೀಯಲ್ಲೋ! ಒಳಗೆ ಗೋಡೆ ಕಟ್ಟಿದ್ದೀಯ ಸರಿ, ಡಬ್ಬಿ ಮೈಮೇಲೇ ಶಾಕು ಆ ಕಡೆಯಿಂದ ಈ ಕಡೆಗೆ ನಡ್ಕೊಂಡು ಬತ್ತದೆ. ಗೋಡೆ ಕಟ್ಟಿ ಬಾಗಿಲು ತೆಗೆದಿಟ್ಟಂಗಾಯ್ತು. ಕೀಬೋರ್ಡ್ ಕಡೆ ಸಾಕೆಟ್ಟಿಗೆ ರಬ್ಬರ್ ಕೊಡು, ಸ್ಟೀಲ್ ಮುಟ್ಟಬಾರದು."

ರಬ್ಬರ್ ಎಲ್ಲಿಂದ ತರಲಿ? ಮನೆಗೆ ಬಂದರೆ ಬಾಗಿಲಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಬಿದ್ದಿತ್ತು. ಹಿಮ್ಮಡಿ ಹತ್ರ ದುಂಡಗೆ ಕೊಯ್ದೆ. ಯಾರದ್ದು ಅಂತ ಆಗ ನೋಡಲಿಲ್ಲ.

೪. ನಾಗಮಂಗಲದ ಪರೀಕ್ಷೆ

ಮದುವೆ ದಿನ. ಈ ಸಲ ನೆನಪಿಟ್ಟು ಅರ್ಥಿಂಗ್ ಮಾಡಿಸಿದ್ದೆ. ಮುಹೂರ್ತ ಮುಗಿದಿತ್ತು, ಹೆಣ್ಣಿನಪ್ಪ ಎರಡು ಸಲ ಬಂದು "ಯಾಕ್ರೀ ಇನ್ನೂ ಸುರು ಮಾಡಿಲ್ಲ?" ಅಂದಿದ್ದರು. ಭಾಯಿ ಮಾತ್ರ ರಬ್ಬರ್ ಗ್ಲೌಸು, ಗಂಬೂಟು ಹಾಕ್ಕೊಂಡು ಸ್ಟೇಜಿನ ಮೂಲೇಲಿ ನಿಂತವ್ರೆ.

"ಮೊದಲು ನೀವು ಮುಟ್ಟಿ ಅಣ್ಣಾ. ಕೀಬೋರ್ಡಿನ ಪಿನ್ನು ಒಂದು ಕೈಲಿ, ಮೈಕು ಒಂದು ಕೈಲಿ."

"ಅಷ್ಟೇ ತಾನೇ?" ಅಂತ ಹಿಂಗೈ ಚಾಚಿದೆ. ಈ ಕಸುಬಿನವರು ಯಾವತ್ತೂ ಹಿಂಗೈಲೇ ಮುಟ್ಟೋದು. ಶಾಕು ಹೊಡೆದರೆ ಕೈ ತಾನೇ ಹಿಂದಕ್ಕೆ ಬತ್ತದೆ.

"ಹಿಂಗೈ ಅಲ್ಲ, ಅಂಗೈ. ಚಪ್ಪಲಿ ಬಿಚ್ಚಿ. ನಾನು ಮುಟ್ಟಿದಂಗೇ ಮುಟ್ಟಿ. ಏನೂ ಆಗದಿದ್ರೆ ನಾನು ಕೂತ್ಕೋತೀನಿ. ಏನಾದ್ರೂ ಆಯ್ತೋ, ಖುದಾ ಹಾಫಿಜ್, ಬಸ್ ಹತ್ತೀನಿ."

ಮುನ್ನೂರು ಜನ ನೋಡ್ತಾವ್ರೆ. ಟೆಸ್ಟರ್ ಇಟ್ಟು ನೋಡಿದೆ, ದೀಪ ಹತ್ತಲಿಲ್ಲ. ಮತ್ತೆ ಇಟ್ಟೆ. ನಾಲ್ಕನೇ ಸಲ ಇಡೋವಾಗ ಭಾಯಿ "ಟೆಸ್ಟರ್‌ಗೇ ಶಾಕ್ ಹೊಡೀತದೆ ಬುಡಿ" ಅಂದರು. ಹುಲಿ ಬಾಯಿಗೆ ಕೈ ಇಟ್ಟವನು ನಾನು, ಆದ್ರೆ ಹುಲಿ ಕಣ್ಣಿಗೆ ಕಾಣ್ತದೆ, ಕರೆಂಟು ಕಾಣಲ್ಲ. ಮನೆದೇವರನ್ನ ನೆನೆದು ಪಿನ್ನು ಹಿಡಿದೆ. ಮೈಕು ಹಿಡಿದೆ.

ಎದೆ ಮೇಲೆ ಝರ್ರ್ ಅಂತು!

"ಸತ್ತೇ!" ಅಂತ ಮೈಕಲ್ಲೇ ಕೂಗಿ ಕುರ್ಚಿ ರಾಶಿ ಮೇಲೆ ಬಿದ್ದೆ. ಹೆಂಗಸರು ಚೀರಿದರು. ವಾಲಗದವರು ಎದ್ದು ಓಡಿದರು. ಭಾಯಿ ಬ್ಯಾಗು ಹೆಗಲಿಗೇರಿಸಿದರು. ಎದೆ ಮಾತ್ರ ಇನ್ನೂ ಝರ್ರ್ ಅಂತಲೇ ಇತ್ತು. ನೋಡಿದರೆ ಜೇಬಲ್ಲಿ ಮೊಬೈಲು.

ಬಿದ್ದಲ್ಲೇ ಒತ್ತಿದೆ. ನನ್ನ ಕಿವಿ ಮಂದ, ಫೋನು ಯಾವಾಗಲೂ ಜೋರಿನಲ್ಲೇ ಇರ್ತದೆ. ಮೈಕು ಇನ್ನೂ ಕೈಲೇ ಇತ್ತು. ಛತ್ರವೆಲ್ಲ ತುಂಬಿಕೊಂಡಿತು ನನ್ನ ಹೆಂಡತಿ ದನಿ:

"ಲೇ ಮುದುಕಾ! ನಮ್ಮವ್ವ ಕೊಟ್ಟ ಡಬ್ಬಿ ಎಲ್ಲೋ? ನನ್ನ ಚಪ್ಪಲಿಗೆ ಯಾಕೋ ತೂತು? ಮನೆಗೆ ಬಾ, ಐತೆ ನಿಂಗೆ!"

ಭಾಯಿ ಕೀಬೋರ್ಡ್ ಹತ್ರ ಬಂದು ಕಿವಿಗೊಟ್ಟರು. ಗುಂಯ್ ಅನ್ನೋ ಸದ್ದೇ ಇಲ್ಲ. ಗ್ಲೌಸ್ ಬಿಚ್ಚಿ, ಬರಿಗೈಲಿ ಪಿನ್ನು ಮುಟ್ಟಿ, ಮೈಕು ಮುಟ್ಟಿ, ನಕ್ಕು ಕೂತರು. "ಮಾಷಾ ಅಲ್ಲಾ! ಡಬ್ಬಿ ಪಾಸ್ ಅಣ್ಣಾ. ಅಕ್ಕನ ಒಂದು ಬೈಗುಳಕ್ಕೂ ಧಕ್ಕೆ ಆಗಿಲ್ಲ."

ಅವತ್ತು ನುಡಿಸಿದರು ನೋಡಿ, ಗಂಡು ಹೆಣ್ಣು ಊಟ ಮರೆತು ಕೂತರು. ಗಂಟೆಯಲ್ಲಿ ಬಿಚ್ಚೋ ಸೆಟ್ಟನ್ನ ನಾನು ಸಂಜೆವರೆಗೂ ಬಿಚ್ಚಿದೆ. ಬೈಗುಳ ದಾಟ್ತದೆ, ಏಟು ದಾಟಲ್ಲ ಅಂತ ಮೇಷ್ಟ್ರು ಹೇಳಿದ್ದು ನಿಜವೇ. ಆದ್ರೆ ಮನೇಲಿ ನನಗೂ ಅವಳಿಗೂ ನಡುವೆ ಗೋಡೆ ಇರಲಿಲ್ಲ.