ಡಬ್ಬಿ ಬಿಯರ್ ವಿಭಾಗದ ಪರಿಷ್ಕೃತ ನಿಯಮಗಳು

ವರ್ರಬಿನ್ ಊರಿನ ಮನೆಬಿಯರ್ ತಯಾರಕರ ಸಂಘವು ಡಬ್ಬಿ ಬಿಯರ್ ವಿಭಾಗದಲ್ಲಿ ಡಬ್ಬಿ ತೆರೆಯುವುದನ್ನು ನಿಷೇಧಿಸಿದೆ. ಹೊರಗಿನವರು ಇದನ್ನು ಕೇಳಿ ನಗುತ್ತಾರೆಂದು ಸಂಘದ ಗಮನಕ್ಕೆ ಬಂದಿದೆ. ನಾವು ಹಂತ ಹಂತವಾಗಿ, ಪ್ರತಿ ಹಂತದಲ್ಲೂ ಕೈಯೆತ್ತಿಯೇ, ಈ ನಿಯಮಕ್ಕೆ ಬಂದೆವು ಎಂಬುದನ್ನು ಕಾರ್ಯದರ್ಶಿಯಾದ ನಾನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಮೊದಲು ಎಲ್ಲರೂ ಅಂಗಡಿಯಿಂದ ತಂದ ಬಾರ್ಲಿ ಪಾಕದ ಡಬ್ಬಿಯ ಮೇಲೆ ಬರೆದ ಹಾಗೇ ಮಾಡುತ್ತಿದ್ದರು. ಒಳಗಿನ ಕಪ್ಪು ಪಾಕವನ್ನು ಬಿಸಿನೀರಿನಲ್ಲಿ ಕದಡಿ, ಒಂದು ಕಿಲೋ ಸಕ್ಕರೆ ಸುರಿದು, ಪೀಪಾಯಿ ತುಂಬ ತಣ್ಣೀರು ಹಿಡಿದು, ಯೀಸ್ಟ್ ಉದುರಿಸಿ ಮುಚ್ಚಿಡುವುದು. ಒಮ್ಮೆ ಕೃಷಿ ಮೇಳದ ಸ್ಪರ್ಧೆಯಲ್ಲಿ ತೀರ್ಪುಗಾರ್ತಿ ನೊರೀನ್ ಫಿಚೆಟ್ ಹದಿನಾಲ್ಕು ಲೋಟ ರುಚಿ ನೋಡಿ, "ಹದಿನಾಲ್ಕೂ ಒಂದೇ ಥರ ಇದೆ ಕಣ್ರೋ. ಒದ್ದೆ ರಟ್ಟು ನೆಕ್ಕಿದ ಹಾಗಾಯ್ತು" ಎಂದಳು. ಸಂಘ ತಕ್ಷಣ ಎಚ್ಚೆತ್ತು ಹೆಚ್ಚುವರಿ ಪದಾರ್ಥಗಳಿಗೆ ಅನುಮತಿ ನೀಡಿತು.

ಜೇನು ಬಂತು. ಕಿತ್ತಳೆ ಸಿಪ್ಪೆ, ಹುರಿದ ಬಾರ್ಲಿ, ಹಿಡಿ ಹಿಡಿ ಕಹಿ ಹಾಪ್ಸ್ ಹೂವು ಬಂತು. ನಮ್ಮ ಅಧ್ಯಕ್ಷ ಲೈಲ್ ಸ್ಟ್ರಾಹನ್ ಬೀಟ್ರೂಟ್ ಹಾಕಿ ಗುಲಾಬಿ ಬಣ್ಣದ ಬಿಯರ್ ಇಳಿಸಿ ಮೊದಲ ಬಹುಮಾನ ಹೊಡೆದ. ಅಧ್ಯಕ್ಷನಾದ್ದರಿಂದ ಯಾರೂ ಏನೂ ಕೇಳಲಿಲ್ಲ. ಡಬ್ಬಿಯ ಪಾಲು ಅರ್ಧಕ್ಕೆ ಇಳಿಯಿತು, ಕಾಲಿಗೆ ಇಳಿಯಿತು, ಕೊನೆಗೆ ಒಂದು ಚಮಚಕ್ಕೆ ಬಂದು ನಿಂತಿತು. ಆ ಚಮಚವನ್ನೂ ಕೆಲವರು ಹಾಕುತ್ತಿಲ್ಲವೆಂಬ ಗುಸುಗುಸು ಎದ್ದಾಗ, ಡಬ್ಬಿ ಬಳಸಿದ್ದಕ್ಕೆ ಪುರಾವೆಯಾಗಿ ಆ ಡಬ್ಬಿಯನ್ನೇ ಪೀಪಾಯಿಯ ತಳದಲ್ಲಿ ಬಿಟ್ಟಿರಬೇಕೆಂದು ತೀರ್ಮಾನಿಸಲಾಯಿತು.

ಮರುವರ್ಷ ಪುರಾವೆ ತಡಕಲು ಪೀಪಾಯಿಗೆ ಕೈ ಹಾಕಿದ ನೊರೀನಳ ಬೆರಳಿಗೆ ತೆರೆದ ಡಬ್ಬಿಯ ಅಂಚು ತಗುಲಿ ಮೂರು ಹೊಲಿಗೆ ಬಿತ್ತು. ಸುರಕ್ಷತಾ ಉಪಸಮಿತಿ ತುರ್ತಾಗಿ ಸೇರಿತು. ಸಾಸೇಜ್ ಸುಡಲು ಎರಡು ಗಂಟೆ, ಸಭೆಗೆ ಹನ್ನೊಂದು ನಿಮಿಷ ಹಿಡಿಯಿತು. ಇನ್ನು ಮುಂದೆ ಡಬ್ಬಿಗಳನ್ನು ತೆರೆಯದೆಯೇ ಪೀಪಾಯಿಗೆ ಇಳಿಸತಕ್ಕದ್ದು.

ಸಂಘದ ಸಭೆಯಲ್ಲಿ ಎಲ್ಲರೂ ಒಪ್ಪಿದರು, ಕ್ಲೆಮ್ ಹಾಬ್ಡೆ ಒಬ್ಬನನ್ನು ಬಿಟ್ಟು. ಈತ ಕುರಿಯ ತುಪ್ಪಟ ಕತ್ತರಿಸಿ ಬದುಕಿದವನು, ಈಗ ಎಪ್ಪತ್ತೊಂಬತ್ತು. ಇಪ್ಪತ್ತಾರು ವರ್ಷ ಡಬ್ಬಿಯ ಮೇಲಿನ ಸೂಚನೆಯನ್ನು ಅಕ್ಷರಕ್ಕೆ ಅಕ್ಷರ ಅನುಸರಿಸಿ ಬಿಯರ್ ಮಾಡಿದ್ದಾನೆ, ಒಮ್ಮೆಯೂ ಗೆದ್ದಿಲ್ಲ. ಇದೇ ಕೊನೆಯ ವರ್ಷ, ಆಮೇಲೆ ಪೀಪಾಯಿ ಮುಟ್ಟಬೇಡ ಎಂದು ಡಾಕ್ಟರು ಅವನ ಪಿತ್ತಜನಕಾಂಗ ನೋಡಿ ಹೇಳಿದ್ದರು. ಸಾಯುವುದರೊಳಗೆ ಮೊದಲ ಬಹುಮಾನದ ನೀಲಿ ರಿಬ್ಬನ್ ಒಂದು ಸಿಗಲಿ ಎಂಬುದೊಂದೇ ಅವನ ಆಸೆ.

"ಡಬ್ಬಿ ತೆರೀದೆ ಬಿಯರ್ ಆಗೋದು ಹೆಂಗೋ ಲೈಲ್?"

"ಊರೆಲ್ಲಾ ಮಾಡ್ತಿಲ್ವಾ? ನಿಂಗೊಬ್ಬನಿಗೇನಪ್ಪಾ ಕಷ್ಟ?"

"ತುಪ್ಪಟ ತೆಗೀದೆ ಕಂಬಳಿ ನೇಯಿ ಅಂತೀಯಲ್ಲೋ, ಪೆದ್ದ!"

ಸಭೆಯಲ್ಲಿ ಯಾರೇ ಯಾರಿಗೆ ಏನೇ ಹೇಳಲಿ, ಅಧ್ಯಕ್ಷರ ಮೂಲಕವೇ ಹೇಳಬೇಕೆಂದು ನಾನು ನೆನಪಿಸಿದೆ.

"ಸರಿ. ಮಾನ್ಯ ಅಧ್ಯಕ್ಷರೇ, ನಿಮ್ಮ ಮೂಲಕ ನಿಮಗೇ ಹೇಳ್ತಿದೀನಿ. ನೀವು ಪೆದ್ದರು."

ಇದನ್ನು ನಡಾವಳಿಯಲ್ಲಿ ಸೇರಿಸಲಾಯಿತು.

ಮೇಳಕ್ಕೆ ಎರಡು ದಿನ ಮುಂಚೆ ಕ್ಲೆಮ್ ತನ್ನ ಪೀಪಾಯಿ ಹೊತ್ತು ತಂದ. ತಳದಲ್ಲಿ ತೆರೆದ ಡಬ್ಬಿ! ನಾನು ಅಲ್ಲೇ ಅನರ್ಹಗೊಳಿಸಿದೆ. ಮುದುಕ ಬಗ್ಗಿ ಪೀಪಾಯಿಯ ಮುಚ್ಚಳ ಬಿಗಿ ಮಾಡಿದ. ನನಗೆ ಪಾಪ ಅನ್ನಿಸಿತು, ಸುಳ್ಳು ಹೇಳಲಾರೆ. ಆಮೇಲೆ ಅವನು ಕೇಳಿದ: "ಹೆಚ್ಚುವರಿ ಪದಾರ್ಥಕ್ಕೆ ಮಿತಿ ಏನಾದ್ರೂ ಐತಾ?"

"ಇಲ್ಲ."

ಮರುದಿನ ಬೇರೆ ಪೀಪಾಯಿ ತಂದ. ಡಬ್ಬಿ ತೆರೆದಿರಲಿಲ್ಲ, ಮುಚ್ಚಳ ಹೊಳೆಯುತ್ತಿತ್ತು. ಅರ್ಜಿಯಲ್ಲಿ ಹೀಗೆ ಬರೆದಿದ್ದ: "ಹೆಚ್ಚುವರಿ ಪದಾರ್ಥ: ಬಿಯರ್, ಇಪ್ಪತ್ತೆರಡು ಲೀಟರ್, ಅಂಗಡಿಯದು." ನಾನು ನಿಯಮಾವಳಿಯನ್ನು ಮೂರು ಸಲ ತಿರುವಿ ಹಾಕಿದೆ. ಬಿಯರಿಗೆ ಬಿಯರ್ ಸೇರಿಸಬಾರದೆಂದು ಎಲ್ಲಿಯೂ ಇರಲಿಲ್ಲ. ಲೈಲನ ಬೀಟ್ರೂಟ್ ಕೂಡ ಅಂಗಡಿಯದೇ. ಮುದ್ರೆ ಒತ್ತಿದೆ.

ಮೇಳದ ದಿನ ನೊರೀನ್ ಒಂದು ಗುಟುಕು ಹೀರಿ ಕಣ್ಣು ಮುಚ್ಚಿದಳು. "ಇದು ನೋಡ್ರೀ ಮನೇಲಿ ಮಾಡಿದ್ದು ಅಂದ್ರೆ! ಕೈರುಚಿ ಎಲ್ಲಿ ಹೋಗತ್ತೆ?" ನೀಲಿ ರಿಬ್ಬನ್ ಕ್ಲೆಮ್‌ನ ಅಂಗಿಗೇರಿತು. ಚಪ್ಪಾಳೆಯ ನಡುವೆ ಅವನು ರಿಬ್ಬನ್ನಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿಕೊಂಡು, ಮೂಗೊರೆಸಿಕೊಂಡು, ವೇದಿಕೆಯಿಂದ ಕೆಳಗಿಳಿದ.

ಸಂಜೆ ಮೇಳದ ಶೆಡ್ಡಿನ ಹಿಂದೆ, ಅನರ್ಹಗೊಂಡ ಪೀಪಾಯಿ ಅವನ ಗಾಡಿಯಲ್ಲೇ ಇತ್ತು. ಎಲ್ಲರೂ ಅದರ ಸುತ್ತ ನೆರೆದಿದ್ದರು. ಲೈಲ್ ಮೂರನೆಯ ಲೋಟ ಮುಗಿಸಿ ಕ್ಲೆಮ್‌ನ ಕಿವಿಯ ಹತ್ತಿರ ಬಾಗಿದ.

"ಇದಕ್ಕೇನೇನ್ ಹಾಕಿದ್ಯೋ ಮಾರಾಯ?"

"ಡಬ್ಬಿಯೊಳಗಿಂದು. ಸಕ್ರೆ."

"ಅಷ್ಟೇನಾ?"

"ಅಷ್ಟೇ."

ಲೈಲ್ ಆಚೀಚೆ ನೋಡಿದ. "ಯಾರ್ಗೂ ಹೇಳ್ಬೇಡ. ಇನ್ನೊಂದ್ ಲೋಟ ಹಾಕು."

ನಿಯಮದ ಪ್ರಕಾರ ಆ ಪೀಪಾಯಿಯಲ್ಲಿದ್ದದ್ದು ಬಿಯರ್ ಅಲ್ಲ. ಆದಕಾರಣ ಅಂದು ಸಂಜೆ ಸದಸ್ಯರು ಯಾರೂ ಏನನ್ನೂ ಕುಡಿದಿಲ್ಲವೆಂದು ನಡಾವಳಿಯಲ್ಲಿ ಬರೆದು, ಸಹಿ ಹಾಕಿ, ನಾನೂ ಲೋಟ ಮುಂದೆ ಹಿಡಿದೆ.