ಭಾರಿ ಮಳೆಯ ಕಾರಣ ಯಾರೂ ಕೆಳಗಿಳಿಯಲಿಲ್ಲ

ಬನ್ನಿ, ಕಾಲು ಚಾಚಿಕೊಂಡು ಕೂತ್ಕೊಳ್ಳಿ. ಇದು ಮೊಹರು ಬಿದ್ದ ಕಥೆ. ಹಾಗಾಗಿ ನಡುನಡುವೆ "ಹೀಗೂ ಇರುತ್ತಾ" ಅಂತ ಬಾಯಿ ಹಾಕಬೇಡಿ.

ಮಳೆ ಅಳೆಯುವ ಇಲಾಖೆಯಲ್ಲಿ ಪ್ರವಾಸದ ವರದಿಯನ್ನು ಪ್ರವಾಸಕ್ಕೆ ಮೊದಲೇ ಬರೆಯತಕ್ಕದ್ದೆಂದು ನಿಯಮವಿತ್ತು. ವರದಿ ನೋಡದೆ ಮೇಲಿನವರು ಮಂಜೂರು ಮಾಡುವುದಿಲ್ಲ, ಮಂಜೂರಾಗದೆ ಯಾರೂ ಹೊರಡುವಂತಿಲ್ಲ. ಆದ್ದರಿಂದ ಮೊದಲು ವರದಿ, ಆಮೇಲೆ ಮೊಹರು, ಆಮೇಲೆ ಪ್ರಯಾಣ. ಬಹಳ ಶಿಸ್ತಿನ ಇಲಾಖೆ ಅದು.

ಅಲ್ಲಿ ಟೈಪು ಮಾಡುವವಳನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಮೂವತ್ತಾರು ವರ್ಷ ಒಂದೇ ಕುರ್ಚಿ. ಊರೂರಿನ ಮಳೆಯನ್ನೆಲ್ಲ ಬೆರಳ ತುದಿಯಿಂದ ಸುರಿಸಿದವಳು, ಒಂದು ಸಲವೂ ಸಮುದ್ರ ಕಂಡವಳಲ್ಲ. ಕೂತೂ ಕೂತೂ ಪಾದಗಳು ಊದಿಕೊಂಡಿದ್ದವು.

"ನಿವೃತ್ತಿಗೆ ಮುಂಚೆ ಒಂದೇ ಒಂದು ಸಲ ಈ ಕಾಲನ್ನ ಸಮುದ್ರದಲ್ಲಿ ಇಡಬೇಕು ಕಣೇ," ಅಂತ ಮನೆಯಲ್ಲಿ ತಂಗಿಗೆ ಹೇಳುತ್ತಿದ್ದಳು.

"ಬಕೆಟ್ಟಿಗೆ ಉಪ್ಪು ಹಾಕ್ಕೊಡ್ತೀನಿ, ಇಡು," ಅನ್ನುತ್ತಿದ್ದಳು ತಂಗಿ.

ಅಕ್ಕನ ನಿವೃತ್ತಿಗೆ ಮೂರು ತಿಂಗಳಿರುವಾಗ ಸಾಹೇಬರು ಊಟದ ಮೇಜಿನಲ್ಲಿ ಸುದ್ದಿ ಒಡೆದರು. ಆ ಮೇಜಿನಲ್ಲಿ ನಾಲ್ವರು ಇಪ್ಪತ್ತು ವರ್ಷದ ಸ್ನೇಹಿತರು. ಅಕ್ಕ, ಕಡತ ಕಾಯುವ ಕಡತದವನು ಮತ್ತು ಮೊಹರು ಒತ್ತುವ ಮೊಹರಿನವನು ಡಬ್ಬಿ ತರುತ್ತಿದ್ದರು. ಸಾಹೇಬರು ಚಮಚ ತರುತ್ತಿದ್ದರು.

"ದ್ವೀಪಗಳ ಸುತ್ತ ಏಳು ದಿನ ಹಡಗು, ನಾವು ನಾಲ್ವರೇ. ಪ್ರವಾಸ ಅಂತ ಬಾಯಿ ತಪ್ಪಿಯೂ ಅನ್ನಬೇಡಿ. ದ್ವೀಪದ ಮಳೆಯ ಅಧ್ಯಯನ."

"ಅಲ್ಲಿ ಈಗ ಸುಡುಬಿಸಿಲು ಸಾರ್," ಅಂದ ಕಡತದವನು.

"ಮಳೆ ಇಲ್ಲದಿರೋದನ್ನೂ ಅಧ್ಯಯನ ಮಾಡಬಹುದು ಕಣಯ್ಯ."

ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತೇ ಹಳೆಯ ಬೆಟ್ಟದ ಪ್ರವಾಸದ ವರದಿಯನ್ನು ಎದುರಿಗಿಟ್ಟುಕೊಂಡು ಬೆಟ್ಟ ಇದ್ದಲ್ಲಿ ದ್ವೀಪ, ಬಸ್ಸು ಇದ್ದಲ್ಲಿ ಹಡಗು ಅಂತ ಬಡಿದು ಮುಗಿಸಿದಳು. ಮನಸ್ಸು ಆಗಲೇ ನೀರಿಗಿಳಿದಿತ್ತು, ಇನ್ನೊಂದು ಸಲ ಓದಿ ನೋಡುವವರು ಯಾರು? ವರದಿ ಮೇಲೆ ಹೋಗಿ, ಮೂರು ಕಡೆ ಮೊಹರು ಹೊತ್ತು, "ಒಪ್ಪಿದೆ" ಅಂತ ಬರೆಸಿಕೊಂಡು ಕೆಳಗೆ ಬಂತು. ಮೇಲೂ ಯಾರೂ ಓದಲಿಲ್ಲ.

ನಾಲ್ಕನೇ ದಿನ ಹಡಗು ಮೊದಲ ದ್ವೀಪಕ್ಕೆ ತಾಗಿತು. ಕಂಬಿ ಮುಟ್ಟಿದರೆ ಕೈ ಸುಡುವ ಬಿಸಿಲು. ಮೆಟ್ಟಿಲು ಇಳಿಸಿದರು. ಅಕ್ಕ ಹೊಸ ಚಪ್ಪಲಿಯನ್ನು ಕಾಲಿಗೆ ಹಾಕದೆ ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮುಂದೆ ನಿಂತಳು. ದ್ವೀಪದಲ್ಲಿ ತಾವು ಏನೇನು ನೋಡಿದ್ದೇವೆಂದು ತಿಳಿಯಲು ಸಾಹೇಬರು ವರದಿ ಬಿಚ್ಚಿದರು.

"ಅಕ್ಕಾ, ನಿಲ್ಲಿ. 'ನಾಲ್ಕನೇ ದಿನ. ಭಾರಿ ಮಳೆಯ ಕಾರಣ ಯಾರೂ ಹಡಗಿನಿಂದ ಕೆಳಗಿಳಿಯಲಿಲ್ಲ.'"

ಅಕ್ಕ ಹಣೆ ಚಚ್ಚಿಕೊಂಡಳು. "ಅದು ಬೆಟ್ಟದ ಮಳೆ ಸಾರ್! ತೆಗೆಯೋದು ಮರೆತೆ. ಮೇಲೆ ನೋಡಿ, ಒಂದು ತುಣುಕು ಮೋಡ ಇಲ್ಲ."

"ಮೇಲೆ ನೋಡೋದು ನಮ್ಮ ಕೆಲಸ ಅಲ್ಲಮ್ಮ."

"ಒಂದು ಸಾಲು ತಿದ್ದಿದ್ರೆ ಆಯ್ತಲ್ಲ?"

"ತಿದ್ದಿದರೆ ವರದಿ ಸುಳ್ಳು. ವರದಿ ಸುಳ್ಳಾದರೆ ಮಂಜೂರಾತಿ ಸುಳ್ಳು. ಆಗ ನಾವೆಲ್ಲ ಈ ಹೊತ್ತು ಕಚೇರಿಯಲ್ಲಿ ಇರಬೇಕು. ಇದೀವಾ?"

"ಇಲ್ಲ ಸಾರ್," ಅಂದ ಮೊಹರಿನವನು.

"ಹಾಗಾದ್ರೆ ಕೊಡೆ ಬಿಚ್ಚಿ."

ಕೂಡಲೇ ಪ್ರಕಟಣೆ ಹೊರಟಿತು: 'ಹಡಗಿನ ಮೇಲುಮಹಡಿಯಲ್ಲಿ ಭಾರಿ ಮಳೆಯಾಗುತ್ತಿರುವುದರಿಂದ ತಂಡದ ಸದಸ್ಯರು ಕೊಡೆಯಿಲ್ಲದೆ ಓಡಾಡತಕ್ಕದ್ದಲ್ಲ. ಒಣಗಿರುವವರು ಲಿಖಿತ ಕಾರಣ ಕೊಡತಕ್ಕದ್ದು.' ಕಡತದವನು ಮಳೆ ಅಳೆಯುವ ಡಬ್ಬಕ್ಕೆ ಕುಡಿಯುವ ನೀರು ಸುರಿದ.

"ಮೂರು ಅಂಗುಲ ಸಾಕಾ ಸಾರ್?"

"ಭಾರಿ ಅಂತ ಇದೆಯಲ್ಲಯ್ಯ, ಇನ್ನೊಂದು ಬಾಟ್ಲಿ ಹಾಕು."

ಕಾರಣ ಬರೆಯಲು ಸೋಮಾರಿತನವಾಗಿ ಅವನು ಉಳಿದ ನೀರನ್ನು ತನ್ನ ತಲೆಗೇ ಹೊಯ್ದುಕೊಂಡ.

ಅಕ್ಕ ಕೇಳಿಕೊಂಡಳು. "ಸಾರ್, ಹತ್ತೇ ನಿಮಿಷ. ಕಾಲು ಒದ್ದೆ ಮಾಡ್ಕೊಂಡು ಬಂದ್ಬಿಡ್ತೀನಿ. ಮತ್ತೆ ಈ ಜನ್ಮದಲ್ಲಿ ಯಾರು ಕರ್ಕೊಂಡು ಬರ್ತಾರೆ?"

"ನೀವು ಇಳಿಯೋ ಹಾಗಿಲ್ಲ. ಇಳಿದರೂ ನೀವು ಇಳಿದಿರೋದಿಲ್ಲ."

ಅಕ್ಕ ಆ ಮಾತನ್ನು ಎರಡು ಸಲ ಮನಸ್ಸಿನಲ್ಲೇ ಟೈಪು ಮಾಡಿ ನೋಡಿದಳು. ಇಪ್ಪತ್ತು ವರ್ಷದಲ್ಲಿ ಸಾಹೇಬರ ಬಾಯಿಂದ ಅರ್ಥವಿರುವ ಮಾತು ಬಂದದ್ದು ಅದೇ ಮೊದಲು. ಇಳಿದರೂ ಇಳಿದಿಲ್ಲವೆಂದ ಮೇಲೆ ತಡೆಯುವವರು ಯಾರನ್ನು ತಡೆದಾರು? ಇಳಿದೇಬಿಟ್ಟಳು.

ಮರಳು ಬಿಸಿ, ನೀರು ತಣ್ಣಗೆ. ಒಂದು ಅಲೆ ಬಂದು ಪಾದ ಮುಚ್ಚಿತು, ಕಾಲಡಿಯ ಮರಳನ್ನು ಕಚಗುಳಿಯಿಟ್ಟ ಹಾಗೆ ಎಳೆದುಕೊಂಡು ಹೋಯಿತು. ಅಕ್ಕ ಒಬ್ಬಳೇ ಕಿಲಕಿಲ ನಕ್ಕಳು. ಹತ್ತು ನಿಮಿಷ ಎಷ್ಟು ಹತ್ತು ನಿಮಿಷವಾಯಿತೋ ಅವಳಿಗೆ ತಿಳಿಯಲಿಲ್ಲ. ಹಡಗು ಕೂಗಿತು.

ಹಡಗಿನಲ್ಲಿ ತಲೆ ಎಣಿಸುವವನು ಹೇಳಿದ: "ನಿಮ್ಮಲ್ಲಿ ಒಬ್ಬರು ಕಡಿಮೆ. ಅಗೋ, ದಡದಲ್ಲಿ ಒಬ್ಬ ಹೆಂಗಸು ಕೈ ಬೀಸ್ತಿದಾರೆ."

ಸಾಹೇಬರು ವರದಿ ಮುಂದೆ ಹಿಡಿದರು. 'ನಾಲ್ವರೂ ಹಡಗಿನಲ್ಲೇ ಇದ್ದರು.' ಎಣಿಸುವವನು ದಡ ನೋಡಿದ, ಮೊಹರು ನೋಡಿದ, ನಾಲ್ಕು ಅಂತ ಬರೆದುಕೊಂಡ.

"ನಿಲ್ಸ್ರೋ! ನಾನಿಲ್ಲಿದೀನಿ!" ಅಂತ ಅಕ್ಕ ಚಪ್ಪಲಿ ಬೀಸಿದಳು. ಇಪ್ಪತ್ತು ವರ್ಷ ಅವಳ ಡಬ್ಬಿಯಲ್ಲಿ ಅರ್ಧ ತಿಂದಿದ್ದ ಮೊಹರಿನವನು ಅವಳನ್ನು ಕಣ್ಣಾರೆ ನೋಡಿದ. ಕೊಡೆಯನ್ನು ಆ ಕಡೆಗೆ ಓರೆ ಮಾಡಿದ. "ಮಳೆ ಆ ಕಡೆಯಿಂದ ಹೊಡೀತಿದೆ ಸಾರ್."

ಅಕ್ಕ ದ್ವೀಪದಿಂದ ಕಚೇರಿಗೆ ಕಾಗದ ಬರೆದಳು, ಟಿಕೆಟ್ಟು ಕಳಿಸಿ ಅಂತ. ಉತ್ತರ ಬಂತು: 'ವರದಿಯ ಪ್ರಕಾರ ತಾವು ಮರಳಿ ಬಂದು ಎಂಟನೇ ತಾರೀಕಿನಿಂದ ಕುರ್ಚಿಯಲ್ಲಿ ಹಾಜರಿರುವಿರಿ. ಹಾಜರಿರುವವರಿಗೆ ಮರಳಿ ಬರಲು ಟಿಕೆಟ್ಟು ಕೊಡಲು ಅವಕಾಶವಿಲ್ಲ. ಹೆಚ್ಚಿನ ವಿವರಗಳನ್ನು ಕಚೇರಿಯಲ್ಲಿರುವ ತಮ್ಮನ್ನೇ ಕೇಳಿಕೊಳ್ಳುವುದು.'

ಇನ್ನು ಯಾರು ಏನಾದರು ಅಂತ ಕೇಳಿ. ಕಡತದವನಿಗೆ ಆ ದ್ವೀಪದ ಮಳೆಯಲ್ಲಿ ನೆನೆದು ಶೀತವಾಯಿತೆಂದು ಸಂಬಳದ ರಜೆ ಸಿಕ್ಕಿತು. ಮೊಹರಿನವನು ಈಗಲೂ ಡಬ್ಬಿ ತರುತ್ತಾನೆ, ಆದರೆ ಅರ್ಧ ಉಳಿಸುತ್ತಾನೆ. ಏಕೆಂದು ಯಾರೂ ಕೇಳಿಲ್ಲ. ಸಾಹೇಬರು ಇಡೀ ರಾಜ್ಯದ ವರದಿಗಳಿಗೆ ಮುಖ್ಯಸ್ಥರಾದರು. ಅಕ್ಕನ ನಿವೃತ್ತಿಯ ದಿನ ಖಾಲಿ ಕುರ್ಚಿಯ ಮುಂದೆ ನಿಂತು, "ಕೊನೆಯ ಎರಡು ತಿಂಗಳು ಅಕ್ಕ ತುಂಬಾ ಶಿಸ್ತಾಗಿದ್ದರು, ಎದುರು ಒಂದು ಮಾತಾಡಲಿಲ್ಲ," ಅಂತ ಭಾಷಣ ಮಾಡಿ ಅವರೇ ಕಣ್ಣೊರೆಸಿಕೊಂಡರು. ಎಲ್ಲರೂ ಕೈತಟ್ಟಿದರು.

ತಂಗಿ ಕಚೇರಿಗೆ ಹೋದಾಗ ಕುರ್ಚಿ ತೋರಿಸಿ, "ಇದಾರಲ್ಲ, ಮಾತಾಡಿ," ಅಂದರು. ಅವಳು ಅವರ ಮುಖಕ್ಕೆ ಮಂಗಳಾರತಿ ಮಾಡಿ, ಬಳೆ ಮಾರಿ, ತಾನೇ ಹಡಗು ಹತ್ತಿದಳು. ದಡದಲ್ಲಿ ಅಕ್ಕನನ್ನು ಕಂಡು ಮೊದಲು ಅಂದ ಮಾತು: "ಬಕೆಟ್ಟು ತಂದಿಲ್ಲ ಕಣೇ."

ಇಬ್ಬರೂ ಅಲ್ಲೇ ಉಳಿದರು. ಪ್ರವಾಸಿಗರಿಗೆ ಕುರ್ಚಿ ಬಾಡಿಗೆಗೆ ಕೊಡುತ್ತಾರೆ. ಅಕ್ಕ ಮಾತ್ರ ಯಾವ ಕುರ್ಚಿಯಲ್ಲೂ ಕೂರುವುದಿಲ್ಲ. ಅವಳ ಪಾದದ ಊತ ಇಳಿದಿದೆ. ವರ್ಷಕ್ಕೊಮ್ಮೆ ಇಲಾಖೆಯ ಹಡಗು ಬರುತ್ತದೆ. ಹಳೆಯ ವರದಿಯನ್ನೇ ನಕಲು ಮಾಡಿ ತಂದವರು ಉರಿಬಿಸಿಲಿನಲ್ಲಿ ಕೊಡೆ ಹಿಡಿದು, ಬೆವರು ಒರೆಸಿಕೊಳ್ಳುತ್ತಾ, ಮೈ ನಡುಗಿಸುತ್ತಾ ಕೂರುತ್ತಾರೆ. ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತು ಕೈ ಬೀಸುತ್ತಾಳೆ. ಅಂಥ ಮಳೆಯಲ್ಲಿ ಯಾರಿಗೆ ತಾನೇ ಕಂಡೀತು?